ಕಲ್ಲು ಲ್ಯಾಬು ಮುಟ್ಟುವ ತನಕ

ಕಿಡ್ನಿಯಿಂದ ಕಲ್ಲು ತೆಗೆಯುವುದು ಅಂಥ ದೊಡ್ಡ ಮಾತಲ್ಲ. ತೆಗೆದ ಕಲ್ಲು ಸುರಕ್ಷಿತವಾಗಿ ಲ್ಯಾಬು ಮುಟ್ಟಿತೆಂದರೆ ಅದು ದೊಡ್ಡ ಮಾತು. ಜಮಖಂಡಿಯಲ್ಲಿ ಮೂತ್ರರೋಗದ ಡಾಕ್ಟರನಾಗಿ ಕೂತು ನನ್ನ ತಲೆಗೂದಲು ಬೆಳ್ಳಗಾಯಿತು. ಇಷ್ಟು ವರ್ಷಗಳಲ್ಲಿ ಕಲ್ಲು ನನಗೆ ಕಾಟ ಕೊಟ್ಟದ್ದು ಕಡಿಮೆ, ಕಲ್ಲು ತಂದವರು ಕೊಟ್ಟದ್ದೇ ಹೆಚ್ಚು. ಇವತ್ತಿಗೆ ಮುಗಿಯಿತು, ಇನ್ನು ಇಂಥದ್ದು ಆಗಲಿಕ್ಕಿಲ್ಲ ಅಂತ ಚಹಾ ಕುಡಿಯಲು ಕೂತರೆ, ಅಷ್ಟರಲ್ಲಿ ಇನ್ನೊಬ್ಬರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಕಲ್ಲನ್ನು ಲ್ಯಾಬಿಗೆ ಯಾಕೆ ಕಳಿಸಬೇಕು ಅಂತ ನನ್ನ ಹೆಂಡತಿಯೇ ಕೇಳಿದ್ದುಂಟು. ಹಾಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ಕಲ್ಲುಗಳ ಒಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಮೂತ್ರ ಪರೀಕ್ಷೆ ಮಾಡಿದರೆ ಅವು ಸಿಗದೇ ಹೋಗಬಹುದು, ಏಕೆಂದರೆ ಕಲ್ಲಿನೊಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತವೆ. ನಾವು ಕಲ್ಲು ಒಡೆದ ದಿನ ಹೊರಗೆ ಬಿದ್ದು ರಕ್ತಕ್ಕೆ ಇಳಿಯುತ್ತವೆ. ಆಗ ಚಳಿ, ಜ್ವರ, ಸ್ವಲ್ಪ ಎಚ್ಚರ ತಪ್ಪಿದರೆ ಜೀವಕ್ಕೇ ಅಪಾಯ. ಆದ್ದರಿಂದ ಕಲ್ಲನ್ನೇ ಪುಡಿ ಮಾಡಿ, ಅದರೊಳಗೆ ಏನಿದೆ ಅಂತ ಗಾಜಿನ ತಟ್ಟೆಯ ಮೇಲೆ ಬೆಳೆಸಿ ನೋಡಬೇಕು. ಯಾವ ಔಷಧಿಗೆ ಅದು ಸಾಯುತ್ತದೆ ಅನ್ನುವುದು ಆಗಲೇ ತಿಳಿಯುವುದು.

ಈ ಕೆಲಸ ಮಾಡುವವರು ನಮ್ಮ ಲ್ಯಾಬ್ ಮೇಡಂ. ಬೀಳಗಿಯ ಕಡೆಯವರು. ಸೂಕ್ಷ್ಮಜೀವಿಗಳ ವಿಷಯದಲ್ಲಿ ದೊಡ್ಡ ಓದು ಓದಿದವರು, ಮನಸ್ಸು ಮಾಡಿದ್ದರೆ ಯಾವ ದೊಡ್ಡ ಊರಿನಲ್ಲಾದರೂ ಇರಬಹುದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ, ಇಡೀ ಆಸ್ಪತ್ರೆ ನನಗೆ ಹೆದರುತ್ತದೆ. ನಾನು ಹೆದರುವುದು ಅವರೊಬ್ಬರಿಗೆ. ಅವರದೊಂದೇ ಕಟ್ಟಪ್ಪಣೆ. ಕಲ್ಲು ಅವರು ಕೊಟ್ಟ ಮುಚ್ಚಳದ ಡಬ್ಬಿಯಲ್ಲೇ ಬರಬೇಕು, ನಡುವೆ ಯಾರೂ ಮುಟ್ಟಬಾರದು. "ನನ್ನ ಡಬ್ಬ್ಯಾಗ ಬಂದದ್ದು ಕಲ್ಲು ಸರ್, ಕೈಯಾಗ ಬಂದದ್ದು ಕಸ" ಅನ್ನುತ್ತಾರೆ. ಈ ಮಾತು ಕೇಳಲು ಸುಲಭ. ನಡೆಸಲು ಹೋದಾಗ ಏನೇನಾಯಿತು ಅನ್ನುವುದೇ ಈ ಕಥೆ.

ಸೋಡಾ ಹಾಕಿ ಕುದಿಸಿದ್ದು

ಬನಹಟ್ಟಿಯಿಂದ ಒಬ್ಬ ಅಕ್ಕ ಬರುತ್ತಿದ್ದರು. ಐವತ್ತು ದಾಟಿದ ನೇಕಾರ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಮನೆಯ ಮಗ್ಗಗಳನ್ನೆಲ್ಲ ತಾವೇ ನಡೆಸಿಕೊಂಡು ಬಂದವರು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಹೊಸ ಹೊಸ ಡಿಸೈನು ಹಾಕುವುದರಲ್ಲಿ ಅವರನ್ನು ಸರಿಗಟ್ಟುವವರು ಆ ಓಣಿಯಲ್ಲಿ ಇಲ್ಲ ಅಂತ ಜೊತೆಗೆ ಬಂದವರೇ ಹೇಳುತ್ತಿದ್ದರು. ಅವರ ಎಡಗಡೆಯ ಕಿಡ್ನಿ ಹಳೆಯ ಕಲ್ಲು, ಹಳೆಯ ಸೋಂಕಿನಿಂದ ಒಣಗಿ ಯಾವಾಗಲೋ ಕೆಲಸ ಬಿಟ್ಟಿತ್ತು. ಇದ್ದದ್ದು ಬಲಗಡೆಯದೊಂದೇ. ಈಗ ಅದರೊಳಗೂ ಕಲ್ಲು ಬೆಳೆದು ಕೂತಿತ್ತು.

ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. ಮೂತ್ರ ಪರೀಕ್ಷೆ ಎಷ್ಟು ಸಲ ಮಾಡಿದರೂ ಏನೂ ಬೆಳೆಯುತ್ತಿರಲಿಲ್ಲ. ಒಳಗೆ ಕೂತ ಕಳ್ಳ ಯಾರೆಂದು ತಿಳಿಯದೆ ಆ ಒಂದೇ ಕಿಡ್ನಿಗೆ ಕೈ ಹಾಕಲು ನನಗೆ ಧೈರ್ಯವಾಗಲಿಲ್ಲ. ನಡುನಡುವೆ ಸಣ್ಣ ಚೂರು ತಾನಾಗಿಯೇ ಹೊರಗೆ ಬೀಳುತ್ತದೆ ಅಂದರು. ನಾನು ಮೇಡಂ ಅವರ ಡಬ್ಬಿ ಕೊಟ್ಟು, "ಮುಂದಿನ ಸಲ ಬಿದ್ದರ ಇದರಾಗ ಹಿಡದು ತರ್ರಿ" ಅಂದೆ.

ತಂದರು. ಡಬ್ಬಿಯೊಳಗಿನ ಚೂರು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು. ಇಷ್ಟು ಚಂದದ ಕಲ್ಲನ್ನು ನಾನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ. ಮೇಡಂ ಅದನ್ನು ಪುಡಿ ಮಾಡಿ ತಟ್ಟೆಗೆ ಹಾಕಿ ಕಾದರು. ಏನೂ ಬೆಳೆಯಲಿಲ್ಲ. ಇನ್ನಷ್ಟು ಕಾದರು. ತಟ್ಟೆ ಕನ್ನಡಿಯಂತೆ ಸ್ವಚ್ಛವಾಗಿಯೇ ಉಳಿಯಿತು. ಮೇಡಂ ಅವರಿಗೆ ಸಂಶಯ ಬಂದು ಅಕ್ಕನನ್ನು ಕರೆಸಿ ಕೇಳಿದರು.

"ಅಕ್ಕಾರ, ಇದು ಬಿದ್ದ ಮ್ಯಾಲೆ ಏನ ಮಾಡಿದ್ರಿ?"

"ಏನ ಮಾಡಲೆವ್ವಾ, ಹೊಲಸ ಹಂಗ ತಂದು ನಿನ್ನ ಕೈಯಾಗ ಇಡಾಕ ಬರತೈತೇನು? ಮನಸ್ಯಾರು ಮುಟ್ಟೂದು! ಸೋಡಾ ಹಾಕಿ ಛಲೋತ್ನಾಗ ಕುದಿಸೀನಿ. ನೂಲಿಗೆ ಬಣ್ಣ ಹಾಕೂ ಮೊದಲ ಕುದಸ್ತೀವಲ್ಲ, ಹಂಗ."

ನನಗೆ ಬಂದ ಸಿಟ್ಟಿಗೆ ಮೇಜು ಗುದ್ದುವವನಿದ್ದೆ. ಆದರೆ ಆ ಮುಖ ನೋಡಿದೆ. ಜ್ವರದಿಂದ ಎದ್ದು ಬಂದ ಹೆಣ್ಣುಮಗಳು, ಲ್ಯಾಬಿನ ಹುಡುಗಿಗೆ ಹೊಲಸು ಮುಟ್ಟಿಸಬಾರದು ಅಂತ ಒಲೆಯ ಮುಂದೆ ನಿಂತು ತನ್ನ ರೋಗವನ್ನು ಕುದಿಸಿದ್ದಾಳೆ. ಬೈಯುವುದು ಹೇಗೆ? ಮೇಡಂ ಅವರೇ ಮೆಲ್ಲಗೆ, "ಸರ್, ಬಿಡ್ರಿ. ಬಣ್ಣ ಹಾಕಿಲ್ಲಲ್ಲ, ಅಷ್ಟ ನಮ್ಮ ಪುಣ್ಯ" ಅಂದರು.

ಖಾಲಿ ಡಬ್ಬಿ

ಅಕ್ಕನಿಗೆ ಇನ್ನೊಂದು ಡಬ್ಬಿ ಕೊಟ್ಟು, ಮುಂದಿನ ಚೂರು ಬೀಳುವುದನ್ನೇ ಕಾಯುತ್ತಿದ್ದ ದಿನಗಳವು. ಅಷ್ಟರಲ್ಲಿ ಮಹಾಲಿಂಗಪುರದ ಕಡೆಯ ರೈತರೊಬ್ಬರಿಗೂ ಅಂಥದ್ದೇ ಡಬ್ಬಿ ಕೊಟ್ಟೆವು. ಕಬ್ಬು ಬೆಳೆದು ತಮ್ಮದೇ ಗಾಣದಲ್ಲಿ ಬೆಲ್ಲ ಮಾಡುವವರು. ಅವರಿಗೂ ಕಲ್ಲು ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಮೇಡಂ ಈ ಸಲ ಎಚ್ಚರದಿಂದ, "ತೊಳಿಬ್ಯಾಡ್ರಿ, ಕುದಿಸಬ್ಯಾಡ್ರಿ, ಒರಸಬ್ಯಾಡ್ರಿ" ಅಂತ ಅವರ ಹೆಂಡತಿಗೆ ಮತ್ತೆ ಮತ್ತೆ ಹೇಳಿ ಕಳಿಸಿದರು.

ಡಬ್ಬಿ ವಾಪಸು ಬಂತು. ಊರಿನ ಕಡೆಯಿಂದ ಬರುವ ಯಾರ ಕೈಯಲ್ಲೋ ಕೊಟ್ಟು ಕಳಿಸಿದ್ದರು. ಒಳಗೆ ಹಳದಿ-ಕಂದು ಬಣ್ಣದ ಒಂದು ಗಟ್ಟಿ ಚೂರು. ಆ ಬಣ್ಣದ ಕಲ್ಲುಗಳನ್ನು ನಾವು ದಿನಾ ನೋಡುತ್ತೇವೆ, ಯಾರಿಗೂ ಅನುಮಾನ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಲ್ಯಾಬಿನಿಂದ ಮೇಡಂ ಅವರ ಧ್ವನಿ ಬಂತು. "ಸರ್, ಲಗೂನ ಬರ್ರಿ! ಕಲ್ಲು ಕರಗಾಕತ್ತೈತಿ!"

ಓಡಿದೆ. ನಿಜ. ಕಲ್ಲು ತೊಳೆಯಲು ಹಾಕುವ ಬರೀ ಉಪ್ಪುನೀರಿನಲ್ಲಿ ಆ ಕಲ್ಲು ಕಣ್ಣೆದುರಿಗೆ ಕರಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ತಲೆಯಲ್ಲಿ ಏನೇನೋ ಓಡಿತು. ಇನ್ನು ಆಪರೇಷನ್ನೇ ಬೇಡ, ಬನಹಟ್ಟಿ ಅಕ್ಕನ ಕಿಡ್ನಿಗೆ ಇದೇ ನೀರು ಬಿಟ್ಟರೆ ಸಾಕು, ಲೋಕದ ಕಲ್ಲೆಲ್ಲ ಕರಗಿ ಹೋಗುತ್ತದೆ. ದೊಡ್ಡ ಸಭೆಯಲ್ಲಿ ಯಾರೋ ನನಗೆ ಶಾಲು ಹೊದಿಸುವುದೂ ಕಂಡಿತು. ಆಗ ಮೇಡಂ ಬಗ್ಗಿ ಮೇಜಿನ ಅಂಚು ತೋರಿಸಿದರು. ಇರುವೆಗಳು ಸಾಲಾಗಿ ಡಬ್ಬಿಯ ಕಡೆಗೆ ನಡೆದಿದ್ದವು.

ಫೋನು ಹಚ್ಚಿದೆವು. ರೈತರ ಹೆಂಡತಿ ಎತ್ತಿದರು.

"ಬಾಯಾರ, ಡಬ್ಬ್ಯಾಗ ಏನ ಕಳಿಸೀರಿ?"

"ಬೆಲ್ಲರಿ."

"ಕಲ್ಲು?"

"ಕಲ್ಲು ಇನ್ನಾ ಬಿದ್ದಿಲ್ರಿ. ನೀವು ಡಬ್ಬಿ ತಿರುಗಿ ಕೊಡ್ರಿ ಅಂದಿದ್ರಿ. ಮಂದಿ ಡಬ್ಬಿ ಖಾಲಿ ಹೆಂಗ ಕಳಸೂದ್ರಿ? ಲಕ್ಷಣ ಅಲ್ಲ ಅದು."

ಸರಿಯಾದ ಮಾತು. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸು ಕೊಡುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಮೇಡಂ ಅವರ ಡಬ್ಬಿಯೂ ಒಂದು ಮನೆಯ ಪಾತ್ರೆಯೇ ಅನ್ನುವುದು ನಮಗಿಬ್ಬರಿಗೂ ಹೊಳೆದಿರಲಿಲ್ಲ, ಅಷ್ಟೇ. ಆ ಕಡೆಯಿಂದ ಆ ತಾಯಿ ಗಾಬರಿಯಾಗಿ ಕೇಳಿದರು.

"ಯಾಕ್ರಿ, ಮೇಡಮ್ಮಾರಿಗೆ ಸೇರಲಿಲ್ಲೇನ್ರಿ? ಹೊಸಾ ಬೆಲ್ಲ ಐತ್ರಿ ಅದು!"

ಮಾಂಸ ಬಿಡಲಾಗದವರು

ಮೇಡಂ ಅವರ ಬಗ್ಗೆ ನನಗಿರುವ ಗೌರವ ಒಂದು ಹಿಡಿ ಇದ್ದದ್ದು ಒಂದು ಮೂಟೆಯಾದದ್ದು ಈ ಪ್ರಸಂಗದಿಂದ.

ಮುಧೋಳದ ಕಡೆಯಿಂದ ಒಬ್ಬ ಹಿರಿಯರು ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಬಹಳ ಕಡಿಮೆ. ಕೈಯಲ್ಲಿ ಸಣ್ಣ ಶೀಷೆ, ಅದರಲ್ಲಿ ಒಂದು ಕಲ್ಲು. "ಇದರಾಗ ಹುಳ ಐತೇನು ನೋಡಬೇಕ್ರಿ" ಅಂದರು. ತ್ರಾಸು ಏನಿತ್ತು ಅಂತ ಕೇಳಿದೆ.

"ಗಳಿಗ್ಗೊಮ್ಮೆ ಹೋಗೂದ್ರಿ. ಹನಿ ಹನಿ ಬೀಳೂದು. ಕಾಲ ಎತ್ತಿ ನಿಂತರೂ ಬರೂದಿಲ್ರಿ."

ಕಲ್ಲಿನ ನೋವಿನಲ್ಲಿ ಜನ ಎಂತೆಂಥ ಭಂಗಿ ಕಂಡುಹಿಡಿಯುತ್ತಾರೆ ಅನ್ನುವುದು ನನಗೆ ಗೊತ್ತು. ಒಬ್ಬರು ತಲೆ ಕೆಳಗೆ ಮಾಡಿ ನಿಲ್ಲುತ್ತಿದ್ದರು. ಹಾಗಾಗಿ ಕಾಲು ಎತ್ತುವುದನ್ನು ನಾನು ದೊಡ್ಡದು ಮಾಡಲಿಲ್ಲ. ಊಟದ ಬಗ್ಗೆ ಕೇಳಿದೆ.

"ಮಾಂಸ ಇರತೈತ್ರಿ."

ನಾನು ಅವರ ಹಣೆಯ ಕಡೆ ನೋಡಿದೆ. ಅವರು ಕೆಳಗೆ ನೋಡಿದರು. ಅವರವರ ಮನೆಯ ವಿಷಯ ನನಗ್ಯಾಕೆ ಅಂತ, "ಸ್ವಲ್ಪ ಕಡಿಮಿ ಮಾಡ್ರಿ" ಅಂದೆ. "ಬಿಟ್ಟರ ಬದುಕೂದಿಲ್ರಿ ಸಾಹೇಬ್ರ" ಅಂದರು, ಕಣ್ಣಲ್ಲಿ ನೀರು ತಂದುಕೊಂಡು. ಇಷ್ಟು ಆಸೆಯಿದ್ದವರಿಗೆ ಏನು ಹೇಳುವುದು ಅಂತ ಚೀಟಿ ಬರೆದು ಲ್ಯಾಬಿಗೆ ಕಳಿಸಿದೆ.

ಮೇಡಂ ತಮ್ಮ ಡಬ್ಬಿಯಲ್ಲಿ ಬಂದದ್ದಲ್ಲ ಅಂತ ಗೊಣಗುತ್ತಲೇ ಆ ಕಲ್ಲನ್ನು ತೊಳೆದು, ಒಳಗಿನ ಭಾಗವನ್ನಷ್ಟೇ ಪುಡಿ ಮಾಡಿ ಬೆಳೆಸಿದರು. ಬ್ಯಾಕ್ಟೀರಿಯಾ ಬಂತು. ರಿಪೋರ್ಟು ಕೊಡುವ ದಿನ ಅವರು ನನ್ನ ಕೋಣೆಗೆ ತಾವೇ ಬಂದರು. ಅಲ್ಲಿ ಕೂತಿದ್ದ ಹಿರಿಯರನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು.

"ಅಜ್ಜಾರ, ಈ ಕಲ್ಲು ನಿಮ್ಮದ ಏನ್ರಿ? ಈ ಜಾತಿ ಬ್ಯಾಕ್ಟೀರಿಯಾ ಮನಸ್ಯಾರ ಕಲ್ಲಿನ್ಯಾಗ ನಾ ಕಂಡಿಲ್ಲ. ಇದು ನಾಯಿಗೋಳ ಮೈಯಾಗ ಇರೂದು."

ಹಿರಿಯರು ಎದ್ದು ನಿಂತು ಕೈ ಮುಗಿದೇಬಿಟ್ಟರು. ಕಲ್ಲು ಅವರ ಮನೆಯ ಬೇಟೆನಾಯಿಯದು. ದನದ ಡಾಕ್ಟರು ಆಪರೇಷನ್ ಮಾಡಿ ತೆಗೆದಿದ್ದರು, ಆದರೆ ಮತ್ತೆ ಮತ್ತೆ ಬರುತ್ತಿತ್ತು. ಜಮಖಂಡಿಯಲ್ಲಿ ಕಲ್ಲು ಒಡೆದು ಹುಳ ಹಿಡಿಯುವ ಮೇಡಂ ಇದ್ದಾರೆ ಅಂತ ಯಾರೋ ಹೇಳಿದ್ದರಂತೆ. ನಾಯಿಯದು ಅಂದರೆ ನಾವು ಬಾಗಿಲಲ್ಲೇ ತಿರುಗಿಸಿ ಕಳಿಸಿಬಿಡುತ್ತೇವೆ ಅಂತ ಹೆದರಿ, ತ್ರಾಸೆಲ್ಲ ತಮ್ಮದೇ ಅಂತ ಒಪ್ಪಿಕೊಂಡಿದ್ದರು.

ಒಂದು ಕಲ್ಲಿನ ಪುಡಿ ನೋಡಿ ಅದು ಎರಡು ಕಾಲಿನದಲ್ಲ, ನಾಲ್ಕು ಕಾಲಿನದು ಅಂತ ಹೇಳುವ ವಿದ್ಯೆಗೆ ನಾನು ಅಲ್ಲಿಯೇ ಮನಸ್ಸಿನಲ್ಲಿ ಕೈ ಮುಗಿದೆ. ರಿಪೋರ್ಟನ್ನು ದನದ ಡಾಕ್ಟರಿಗೆ ಕಳಿಸಿದೆವು. ಸರಿಯಾದ ಔಷಧಿ ಬಿದ್ದು ನಾಯಿ ಮತ್ತೆ ಮೊಲದ ಹಿಂದೆ ಓಡುತ್ತಿದೆ ಅಂತ ಆಮೇಲೆ ತಿಳಿಯಿತು. ಆ ದಿನ ಹೋಗುವಾಗ ಹಿರಿಯರು ಬಾಗಿಲಲ್ಲಿ ನಿಂತು, ಅಷ್ಟು ದಿನ ತಡೆದಿಟ್ಟುಕೊಂಡದ್ದನ್ನು ಹೇಳಿಯೇ ಹೋದರು.

"ಸಾಹೇಬ್ರ, ನಮ್ಮ ಮನಿತನದಾಗ ತತ್ತಿನೂ ಮುಟ್ಟಿದವರಿಲ್ರಿ. ಅವತ್ತ ನೀವು ನನ್ನ ಹಣಿ ನೋಡಿದ್ರಲ್ಲ, ಭೂಮಿ ಬಾಯಿ ಬಿಡಬಾರದಾ ಅನಿಸಿತ್ರಿ. ಆದರ ನಮ್ಮ ನಾಯಿ ಮಾರಿ ನೆನಿಸಿ ನುಂಗಿಕೊಂಡೆ."

ಸ್ಯಾಂಪಲ್ಲು

ಬನಹಟ್ಟಿ ಅಕ್ಕನ ಎರಡನೆಯ ಚೂರು ಬೀಳಲೇ ಇಲ್ಲ. ಬದಲಿಗೆ ಕಲ್ಲು ದಾರಿಗೆ ಅಡ್ಡ ಬಂದು ಮೂತ್ರ ನಿಲ್ಲುವ ಹಾಗಾಯಿತು. ಇದ್ದದ್ದೊಂದು ಕಿಡ್ನಿ, ಅದೂ ಊದಿಕೊಳ್ಳತೊಡಗಿತು. ಇನ್ನು ಕಾಯುವ ಹಾಗಿರಲಿಲ್ಲ. ಊಹೆಯ ಮೇಲೆ ಒಂದು ಔಷಧಿ ಶುರು ಮಾಡಿ, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ, ದುರ್ಬೀನು ಇಳಿಸಿ ಕಲ್ಲು ಒಡೆದು ತೆಗೆದೆ. ಕೈ ಸರಿಯಾಗಿಯೇ ನಡೆಯಿತು. ಭಯವಿದ್ದದ್ದು ಮುಂದಿನದ್ದಕ್ಕೆ. ಒಳಗಿನ ಕಳ್ಳ ಈಗ ಹೊರಗೆ ಬಿದ್ದಿದ್ದಾನೆ, ನನ್ನ ಔಷಧಿ ಅವನಿಗೆ ತಾಗುತ್ತದೋ ಇಲ್ಲವೋ ಗೊತ್ತಿಲ್ಲ.

ಕುದಿಸಿದ ಕಲ್ಲಿನ ಅನುಭವವಾದ ಮೇಲೆ ಮೇಡಂ ಯಾರನ್ನೂ ನಂಬುವವರಲ್ಲ. ಡಬ್ಬಿ ಹಿಡಿದು ಥಿಯೇಟರಿನ ಬಾಗಿಲಲ್ಲಿ ತಾವೇ ನಿಂತಿದ್ದರು. ಕಲ್ಲಿನ ನಡುವಿನಿಂದ ಬಂದ ಬೂದು ಬಣ್ಣದ, ಹುಡಿಹುಡಿಯಾದ ಚೂರುಗಳನ್ನು ಸಿಸ್ಟರು ಅದರಲ್ಲಿ ಹಾಕಿ ಮುಚ್ಚಿದರು. ಉಳಿದದ್ದನ್ನು ಒಂದು ತಟ್ಟೆಯಲ್ಲಿಟ್ಟು ಹೊರಗೆ ಕಾಯುತ್ತಿದ್ದ ಬಂಧುಗಳಿಗೆ ತೋರಿಸಿದರು. ಕಲ್ಲು ತೋರಿಸದಿದ್ದರೆ ಆಪರೇಷನ್ ಆಯಿತು ಅಂತ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ಬಂಧುಗಳೆಂದರೆ ಎಲ್ಲರೂ ಜವಳಿಯವರು. ತಟ್ಟೆ ಕೈಯಿಂದ ಕೈಗೆ ಹೋಯಿತು. ಅಕ್ಕನ ಮೈದುನ ಒಂದು ನುಣುಪಾದ ದೊಡ್ಡ ತುಂಡು ಆರಿಸಿ, ಬೆಳಕಿಗೆ ಹಿಡಿದು ನೋಡಿ, ಧೋತರದ ಚುಂಗಿನಿಂದ ಚೆನ್ನಾಗಿ ಒರೆಸಿದರು. ಆಮೇಲೆ ಮೇಡಂ ಕೈಯಲ್ಲಿದ್ದ ಡಬ್ಬಿಯನ್ನು ಬಗ್ಗಿ ನೋಡಿದ ಮೈದುನನ ಮುಖ ಕಪ್ಪಿಟ್ಟಿತು.

"ಬಾಯಾರ, ತಪಾಸಣಿಗೆ ಈ ಹುಡಿ ಒಯ್ಯಾಕತ್ತೀರೇನು? ಇದನ್ನ ಒಯ್ರಿ. ಇದು ಛಲೋ ಪೀಸ್ ಐತಿ."

"ನನಗ ಇದ ಬೇಕ್ರಿ."

"ಏ, ಹಂಗೆಂಗ? ನಾವು ಸೊಲ್ಲಾಪುರಕ್ಕ ಸೀರಿ ಸ್ಯಾಂಪಲ್ ಕಳಸೂಮುಂದ ಇದ್ದದ್ದರಾಗ ಛಲೋದು ಕಳಸ್ತೀವಿ. ನೀವು ಕೆಟ್ಟದ್ದ ಆರಿಸಿಕೊಂಡ ಹೊಂಟೀರಿ. ತಗೀರಿ ಮುಚ್ಚಳಾ, ಬದಲಿ ಮಾಡೂಣು."

ಕೈ ಚಾಚಿದ್ದೇ ತಡ, ಮೇಡಂ ಡಬ್ಬಿಯನ್ನು ಎದೆಗೆ ಅವಚಿಕೊಂಡು ಓಡಿದರು. ನಮ್ಮ ಮೇಡಂ ಓಡುವುದನ್ನು ಆಸ್ಪತ್ರೆ ಅವತ್ತೇ ಮೊದಲು ನೋಡಿದ್ದು. ಹಿಂದೆ ಛಲೋ ಪೀಸು ಹಿಡಿದ ಮೈದುನ, ಅವರ ಹಿಂದೆ ಇಡೀ ಬನಹಟ್ಟಿ. ಲ್ಯಾಬಿನ ಬಾಗಿಲು ಧಡ್ ಅಂತ ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಬಂತು. ಮೈದುನ ಬಾಗಿಲ ಹೊರಗೆ ನಿಂತು ಎಲ್ಲರೂ ಕೇಳುವ ಹಾಗೆ ಹೇಳಿದರು.

"ನಾಳೆ ರಿಪೋರ್ಟ್ ಕೆಟ್ಟ ಬಂದರ ನಮ್ಮನ್ನ ಅನಬ್ಯಾಡ್ರಿ ಮತ್ತ! ಸ್ಯಾಂಪಲ್ ನೀವ ಆರಿಸಿದ್ದು!"

ಕೈ ಛಲೋ ಐತಿ

ಹೆದರಿದ ಹಾಗೇ ಆಯಿತು. ಸಂಜೆಗೆ ಅಕ್ಕನಿಗೆ ನಡುಕ ಹುಟ್ಟಿತು, ಜ್ವರ ಏರಿತು, ರಕ್ತದೊತ್ತಡ ಇಳಿಯಿತು. ಬೆಳಗಾದರೂ ಜ್ವರ ಬಿಡಲಿಲ್ಲ. ಮೂತ್ರ ಪರೀಕ್ಷೆಯ ರಿಪೋರ್ಟು ಬಂತು: ಎಂದಿನಂತೆ ಏನೂ ಇಲ್ಲ. ಆ ಒಂದು ಕಿಡ್ನಿ ಕೈಕೊಟ್ಟರೆ ಈ ಹೆಣ್ಣುಮಗಳಿಗೆ ಮುಂದೆ ಏನೂ ಉಳಿಯುವುದಿಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹೆದರಿದ್ದೆ. ಹಾಗಂತ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಿಲ್ಲ. ಅವತ್ತು ನಾನು ಯಾರ ಮೇಲೂ ಕೂಗಾಡಲಿಲ್ಲ ಅಂತ ಸಿಸ್ಟರುಗಳೇ ಗಾಬರಿಯಾಗಿದ್ದರು.

ಮೇಡಂ ಮನೆಗೆ ಹೋಗಿರಲಿಲ್ಲ. ಕರೆದರು. ಬ್ಯಾಕ್ಟೀರಿಯಾ ಬೆಳೆಯಲೆಂದು ರಕ್ತ ಬೆರೆಸಿದ ಕೆಂಪು ತಟ್ಟೆಯನ್ನು ಮುಚ್ಚಳ ಸಮೇತ ಬೆಳಕಿಗೆ ಹಿಡಿದು ತೋರಿಸಿದರು. ಆ ಹುಡಿಯಿಂದ ಬ್ಯಾಕ್ಟೀರಿಯಾ ಬಂದಿತ್ತು, ಹೇರಳವಾಗಿ ಬಂದಿತ್ತು. ಒಂದೇ ಕಡೆ ಕೂರುವ ಜಾತಿಯಲ್ಲ ಅದು. ನಡುವಿನಿಂದ ಹೊರಟು ಅಲೆ ಅಲೆಯಾಗಿ, ಬಳೆಯೊಳಗೆ ಬಳೆಯಿಟ್ಟ ಹಾಗೆ, ತಟ್ಟೆಯ ಅಂಚಿನವರೆಗೂ ಹಬ್ಬಿಕೊಂಡಿತ್ತು. "ಪ್ರೋಟಿಯಸ್ ಸರ್. ಕಲ್ಲು ಕಟ್ಟೂದ ಇದರ ಕಸಬು" ಅಂದರು. ಯಾವ ಔಷಧಿ ತಾಗುತ್ತದೆ ಅನ್ನುವುದನ್ನು ಮುಂದೆ ಅವರೇ ಕಂಡುಕೊಟ್ಟರು. ನಾನು ಕೊಡುತ್ತಿದ್ದದ್ದಕ್ಕೆ ಅದು ಜಗ್ಗುತ್ತಲೇ ಇರಲಿಲ್ಲ. ಔಷಧಿ ಬದಲಿಸಿದೆ. ಜ್ವರ ಮೆಲ್ಲಗೆ ಇಳಿಯಿತು. ಕಿಡ್ನಿ ಕೆಲಸ ಶುರು ಮಾಡಿತು. ಸಿಸ್ಟರು ಬಂದು "ಮೂತ್ರ ಛಲೋ ಬರಾಕತ್ತೈತ್ರಿ" ಅಂದಾಗ ನನಗಾದ ಸಂತೋಷವನ್ನು ಮೂತ್ರರೋಗದ ಡಾಕ್ಟರಲ್ಲದವರಿಗೆ ಹೇಳಿದರೆ ನಗುತ್ತಾರೆ.

ಆ ಮೈದುನ ಛಲೋ ಪೀಸು ಬದಲಿಸುವುದರಲ್ಲಿ ಗೆದ್ದಿದ್ದರೆ ನಮಗೆ ಅವರ ಧೋತರದ ಬ್ಯಾಕ್ಟೀರಿಯಾ ಸಿಗುತ್ತಿತ್ತು, ಅಕ್ಕ ಸಿಗುತ್ತಿರಲಿಲ್ಲ. ಮೇಡಂ ಅವತ್ತು ಓಡಿದ ಆ ಓಟಕ್ಕೆ ನಾನು ಇವತ್ತಿಗೂ ಋಣಿ.

ಎದ್ದು ಕೂತ ಮೇಲೆ ಅಕ್ಕನದೊಂದೇ ಹಟ. "ನನ್ನ ಇಷ್ಟ ಕಾಡಿದ್ದು ಯಾವುದು, ನಾ ಅದನ್ನ ನೋಡಬೇಕು." ಮೇಡಂ ಮುಚ್ಚಳಕ್ಕೆ ಭದ್ರವಾಗಿ ಪಟ್ಟಿ ಹಚ್ಚಿ ತಟ್ಟೆಯನ್ನು ತಂದು, ಮುಟ್ಟಗೊಡದೆ ದೂರದಿಂದ ಹಿಡಿದು ತೋರಿಸಿದರು. ಅಕ್ಕ ಬೈಯುತ್ತಾರೆ, ಉಗುಳುತ್ತಾರೆ ಅಂತ ನಾನು ಕಾದೆ. ಅವರು ಚಷ್ಮಾ ಕೇಳಿ ಹಾಕಿಕೊಂಡರು. ಕೆಂಪು ನೆಲದ ಮೇಲೆ ಬೂದು ಬಣ್ಣದ ಆ ಬಳೆಗಳನ್ನು ನಡುವಿನಿಂದ ಅಂಚಿನ ತನಕ ಕಣ್ಣಲ್ಲೇ ಸವರಿದರು. ಬೆರಳು ಹಾಸಿಗೆಯ ಮೇಲೆ ತಾನಾಗಿಯೇ ಸುತ್ತು ಹಾಕುತ್ತಿತ್ತು. ಬಹಳ ಹೊತ್ತಾದ ಮೇಲೆ ಚಷ್ಮಾ ತೆಗೆದರು.

"ಜೀವ ತಗೊಳ್ಳಾಕ ಬಂದಿತ್ತು, ಅದು ಖರೆ" ಅಂದರು. "ಆದರ ಕೈ ಮಾತ್ರ ಭಾಳ ಛಲೋ ಐತ್ರಿ ಇದರದ್ದು."

ಯಾರ ಡಿಸೈನು

ಕೆಲವು ತಿಂಗಳಾದ ಮೇಲೆ ಅಕ್ಕ ತೋರಿಸಿಕೊಳ್ಳಲು ಬಂದರು. ಮೈ ತುಂಬಿಕೊಂಡಿದ್ದರು. ಸ್ಕ್ಯಾನಿನಲ್ಲಿ ಒಂದು ಹರಳೂ ಇರಲಿಲ್ಲ. ಸಂತೋಷದಿಂದ ಇನ್ನೇನು ಬೈಯಬೇಕು ಅನ್ನುವಷ್ಟರಲ್ಲಿ ಅವರು ಚೀಲದಿಂದ ಒಂದು ಸೀರೆ ತೆಗೆದು ಮೇಡಂ ಕೈಯಲ್ಲಿಟ್ಟರು.

ಮೇಡಂ ಮಡಿಕೆ ಬಿಚ್ಚಿ ದಡಿ ನೋಡಿದರು. ಕೆಂಪು ದಡಿಯ ಉದ್ದಕ್ಕೂ ಬೂದು ಬಣ್ಣದ ಬಳೆಗಳು, ಬಳೆಯೊಳಗೆ ಬಳೆ, ಅಲೆಯೊಳಗೆ ಅಲೆ. ತಟ್ಟೆಯ ಮೇಲೆ ಬೆಳೆದದ್ದೇ ದಾರದಲ್ಲಿ ಮೂಡಿತ್ತು, ಎಲ್ಲಿಯೂ ಒಂದೆಳೆ ತಪ್ಪಿರಲಿಲ್ಲ. ಒಮ್ಮೆ ನೋಡಿದ್ದನ್ನು ಹಾಸಿಗೆಯ ಮೇಲಿದ್ದ ಹೆಂಗಸು ನೆನಪಿನಲ್ಲಿ ಹೊತ್ತುಕೊಂಡು ಹೋಗಿ ನೇಯ್ದಿದ್ದಳು. ಇಷ್ಟು ಚಂದದ ಸೀರೆಯನ್ನು ನಾನು ನೋಡಿಲ್ಲ. ಮೇಡಂ ಕಣ್ಣು ಒರೆಸಿಕೊಂಡು, "ಅಕ್ಕಾರ, ಇದನ್ನ ಉಟ್ಟ ಲ್ಯಾಬಿಗೆ ಬಂದರ ಗಳಿಗ್ಗೊಮ್ಮೆ ಕೈ ತೊಳಕೊಳ್ಳೂಣು ಅನಸ್ತೈತ್ರಿ" ಅಂದರು.

ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ಹೊರರೋಗಿಗಳ ಗದ್ದಲದ ನಡುವೆ ಅಕ್ಕನ ಫೋನು ಬಂತು. ಮತ್ತೆ ಜ್ವರ ಬಂತೇನೋ ಅಂದುಕೊಂಡೆ. ಕೈಗೆ ಗ್ಲೌಸು ಹಾಕಿದ್ದೆ, ಸಿಸ್ಟರು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಹಿಂದೆ ಮಗ್ಗಗಳ ಖಟಪಟ ಕೇಳುತ್ತಿತ್ತು.

"ಸಾಹೇಬ್ರ, ಇಲ್ಲೊಬ್ಬ ವ್ಯಾಪಾರಿ ಬಂದಾನ್ರಿ. ಆ ಬಳಿ ದಡಿ ಹಾಕಿ ಇನ್ನಷ್ಟ ಸೀರಿ ನೇಯ್ದೀನಿ, ಡಿಸೈನ್ ಯಾರದರೆ ಕದ್ದೀಯೇನು ಅಂತ ನನಗ ಕೇಳಾಕತ್ತಾನು. ನನಗ! ನೀವ ಹೇಳ್ರಿ ಇವಗ."

ಡಿಸೈನು ಕದ್ದ ಮಾತೆಂದರೆ ಆ ಊರಲ್ಲಿ ಮಾನ ಹೋಗುವ ಮಾತು. ವ್ಯಾಪಾರಿ ಫೋನು ತೆಗೆದುಕೊಂಡರು. "ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಇಂಥಾ ಡಿಸೈನ್ ನಾ ಎಲ್ಲೂ ನೋಡಿಲ್ಲ. ನಾಳೆ ಯಾರರೆ ಬಂದು ಇದು ನಮ್ಮದು ಅಂತ ನನ್ನ ಅಂಗಡಿ ಮುಂದ ಕುಂತರ ನಾ ಏನ ಮಾಡಲಿ? ಖರೇನ ಇದು ಈ ಬಾಯಾರದ ಏನ್ರಿ?"

"ನೂರಕ್ಕ ನೂರು ಅವರದ" ಅಂದೆ. "ಅವರ ಕಿಡ್ನ್ಯಾಗಿಂದ ನಾನ ಕೈಯಾರೆ ತಗದೀನಿ. ಬೇಕಂದ್ರ ನಮ್ಮ ಮೇಡಂ ಸಾಕ್ಷಿ ಅದಾರ."

ಕೋಣೆಯಲ್ಲಿದ್ದ ಹೊರರೋಗಿಗಳೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ವ್ಯಾಪಾರಿಯ ಧ್ವನಿ ಬಂತು, ಈಗ ಬಹಳ ಮೆತ್ತಗಾಗಿತ್ತು.

"ಹಂಗಾರ ಮಾರ್ಕೆಟ್ಟಿನ್ಯಾಗ ಬ್ಯಾರೆ ಯಾರ ಕಡೇನೂ ಇರೂದಿಲ್ಲ ಅಂದಂಗಾತು. ಇದ್ದಷ್ಟೂ ನಾನ ಒಯ್ತೀನ್ರಿ." ಅಷ್ಟಕ್ಕೇ ಬಿಡದೆ ಕೇಳಿದರು. "ಸಾಹೇಬ್ರ, ಮನಸ್ಯಾಗ ಕಿಡ್ನಿ ಎರಡ ಇರತಾವಲ್ರಿ. ಆ ಇನ್ನೊಂದರಾಗೂ ಏನರ ಡಿಸೈನ್ ಐತೇನ್ರಿ?"

ಆ ಇನ್ನೊಂದರ ಗತಿ ಈ ಮನುಷ್ಯನಿಗೆ ಹೇಗೆ ಹೇಳಲಿ ಅಂತ ನಾನು ತಡಕಾಡುತ್ತಿರುವಾಗಲೇ ಅಕ್ಕ ಫೋನು ಕಸಿದುಕೊಂಡರು. ಮಗ್ಗದ ಸದ್ದನ್ನೂ ಮೀರಿ ಅವರ ನಗು ನನ್ನ ಕೋಣೆ ತುಂಬ ಕೇಳಿತು.

"ಅದರ ಮಗ್ಗ ನಿಂತು ಭಾಳ ದಿನ ಆತೋ ತಮ್ಮಾ! ಇದೊಂದ ನಡದೈತಿ. ನಡೀಲಿ ಬಿಡು, ಕಣ್ಣ ಹಾಕಬ್ಯಾಡ!"